ಗಡ್ಡದ ಟ್ರಿಮ್ಮರ್: ಮೋಟರ್ ಆಮೇಲೆ ನೋಡಿ, ಮೊದಲು ಕೋಂಬ್ ಅಲ್ಲಾಡಿಸಿ

ಟ್ರಿಮ್ಮರಿನ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಸಾಮಾನ್ಯವಾಗಿ ಮೂರು ಸಂಗತಿ: ಒಂದು ಚಾರ್ಜಿಗೆ ಎಷ್ಟು ನಿಮಿಷ ಓಡುತ್ತದೆ, ಎಷ್ಟು ಅಳತೆಗಳಿವೆ, ಬ್ಲೇಡಿಗೆ ಯಾವ ಲೋಹದ ಲೇಪವಿದೆ. ಮೂರೂ ಸುಳ್ಳಲ್ಲ. ಆದರೆ ಕನ್ನಡಿ ಮುಂದೆ ನಿಂತಾಗ ಗಡ್ಡ ಒಂದೇ ಸಮ ಬಂತೋ, ಅಲ್ಲಲ್ಲಿ ಕಚ್ಚಿದ ಹಾಗೆ ಕಂಡಿತೋ ಎನ್ನುವುದು ಈ ಮೂರರಲ್ಲಿ ಯಾವುದರ ಮೇಲೂ ನಿಂತಿಲ್ಲ. ಅದು ನಿಂತಿರುವುದು ಬ್ಲೇಡಿನ ಮುಂದೆ ಕೂರುವ ಪ್ಲಾಸ್ಟಿಕ್ ಕೋಂಬ್ ಮೇಲೆ. ಇಡೀ ಯಂತ್ರದಲ್ಲಿ ಅತಿ ಅಗ್ಗದ ಭಾಗವೂ ಅದೇ, ಮೊದಲು ಮುರಿಯುವುದೂ ಅದೇ.

ಈ ವಿಮರ್ಶೆ ಈಗ ಮನೆಮನೆಯಲ್ಲಿ ಕಾಣುವ ನಮೂನೆಯದು: ವೈರಿಲ್ಲದ, ಲಿಥಿಯಂ ಬ್ಯಾಟರಿಯ, ಹಿಡಿಯ ಮೇಲೆ ಡಯಲ್ ತಿರುಗಿಸಿದರೆ ಕೋಂಬ್ ಮುಂದೆ ಹಿಂದೆ ಸರಿಯುವ ಟ್ರಿಮ್ಮರ್. ಅಳತೆ 0.5 ಮಿಲಿಮೀಟರಿನಿಂದ 10 ಮಿಲಿಮೀಟರಿನವರೆಗೆ, ಅರ್ಧರ್ಧ ಮಿಲಿಮೀಟರಿನ ಹೆಜ್ಜೆ. ತೊಟ್ಟು ತೆಗೆಯುವ ಬಿಡಿ ಕೋಂಬುಗಳ ಸೆಟ್ಟನ್ನೂ ಹೋಲಿಕೆಗೆ ಇಟ್ಟುಕೊಳ್ಳಲಾಗಿದೆ.

ಮೊದಲು ಮಿಲಿಮೀಟರಿನ ಲೆಕ್ಕ. ಡಯಲಿನಲ್ಲಿ 3 ಎಂದಿದ್ದರೆ ಕೂದಲು 3 ಮಿಲಿಮೀಟರಿಗೆ ಕತ್ತರಿಸುತ್ತದೆ ಎಂದು ಅರ್ಥವಲ್ಲ. ಕೋಂಬಿನ ತಳಕ್ಕೂ ಬ್ಲೇಡಿನ ಅಂಚಿಗೂ ನಡುವೆ 3 ಮಿಲಿಮೀಟರ್ ಅಂತರವಿದೆ ಎಂದಷ್ಟೇ ಅರ್ಥ. ಕೂದಲು ಚರ್ಮಕ್ಕೆ ನೆಟ್ಟಗೆ ನಿಂತಿದ್ದರೆ ಮಾತ್ರ ಎರಡೂ ಒಂದೇ. ಗಡ್ಡದ ಕೂದಲು ಮಲಗಿ ಬೆಳೆಯುತ್ತದೆ. 45 ಡಿಗ್ರಿ ಓರೆಯಾಗಿ ಮಲಗಿದ ಕೂದಲು 3ರ ಅಳತೆಯಲ್ಲಿ ಸುಮಾರು 4.2 ಮಿಲಿಮೀಟರ್ ಉಳಿಯುತ್ತದೆ. ಇನ್ನೂ ಚರ್ಮಕ್ಕೆ ಒರಗಿ, ಚರ್ಮದಿಂದ 30 ಡಿಗ್ರಿ ಮಾತ್ರ ಎದ್ದಿದ್ದರೆ 6 ಮಿಲಿಮೀಟರ್, ಅಂದರೆ ನೇರ ಎರಡರಷ್ಟು. ಕೂದಲಿನ ಎದುರು ದಿಕ್ಕಿನಲ್ಲಿ ಓಡಿಸಿದಾಗ ಕೋಂಬಿನ ಹಲ್ಲುಗಳು ಅದನ್ನು ಎಬ್ಬಿಸಿ ನಿಲ್ಲಿಸುತ್ತವೆ, ಹಾಗಾಗಿ ಗಿಡ್ಡವಾಗುತ್ತದೆ. ಕೂದಲು ಬಿದ್ದ ದಿಕ್ಕಿನಲ್ಲೇ ಓಡಿಸಿದರೆ ಉದ್ದ ಉಳಿಯುತ್ತದೆ. ಒಂದೇ ನಂಬರಿನಲ್ಲಿ ಎಡಗೆನ್ನೆ ಒಂದು ಥರ, ಬಲಗೆನ್ನೆ ಇನ್ನೊಂದು ಥರ ಬಂದರೆ ಯಂತ್ರವನ್ನು ಬೈಯುವ ಮೊದಲು ಎರಡು ಕಡೆಯೂ ಕೈ ಒಂದೇ ದಿಕ್ಕಿನಲ್ಲಿ ಹೋಗಿತ್ತೇ ಎಂದು ನೋಡಿಕೊಳ್ಳಬೇಕು. ಬಲಗೈಯವರ ಕೈ ಬಲಗೆನ್ನೆಯ ಮೇಲೆ ಸಲೀಸಾಗಿ ಮೇಲಕ್ಕೆ ಹೋಗುತ್ತದೆ, ಎಡಗೆನ್ನೆಯ ಮೇಲೆ ಗೊತ್ತಿಲ್ಲದೆ ಅಡ್ಡಕ್ಕೆ ಎಳೆಯುತ್ತದೆ.

ಇದರ ಜೊತೆಗೆ ಒತ್ತಡ. ಕೋಂಬನ್ನು ಜೋರಾಗಿ ಒತ್ತಿದರೆ ಮೆತ್ತನೆಯ ಚರ್ಮ ಹಲ್ಲುಗಳ ಸಂದಿನಲ್ಲಿ ಉಬ್ಬಿ ಬ್ಲೇಡಿಗೆ ಹತ್ತಿರ ಬರುತ್ತದೆ. ದವಡೆಯ ಮೂಳೆಯ ಮೇಲೆ ಚರ್ಮ ಉಬ್ಬುವುದಿಲ್ಲ, ಕೆನ್ನೆಯಲ್ಲಿ ಉಬ್ಬುತ್ತದೆ. ಹಾಗಾಗಿ ಕೆನ್ನೆಯ ನಡುವೆ ತೇಪೆ ಬೀಳುತ್ತದೆ. ಟ್ರಿಮ್ಮರಿನ ಸ್ವಂತ ತೂಕ ಸಾಕು. ಕೈ ಅದನ್ನು ನಡೆಸಬೇಕು, ಒತ್ತಬಾರದು.

ಇನ್ನು ಕೋಂಬಿನ ಗಟ್ಟಿತನ. ಡಯಲನ್ನು 10ಕ್ಕೆ ತಿರುಗಿಸಿ, ಕೋಂಬ್ ಪೂರ್ತಿ ಹೊರಗೆ ಚಾಚಿದಾಗ ಅದರ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ. ಒಳ್ಳೆಯದಾದರೆ ಕೂದಲೆಳೆಯಷ್ಟು ಅಲ್ಲಾಡಿ ನಿಲ್ಲುತ್ತದೆ. ಸಾಧಾರಣದ್ದಾದರೆ ಆ ಮೂಲೆ ಒಂದು ಮಿಲಿಮೀಟರ್ ಒಳಗೆ ಹೋಗುತ್ತದೆ, ಎದುರಿನ ಮೂಲೆ ಹೊರಗೆ ಬರುತ್ತದೆ. ಅರ್ಧ ಮಿಲಿಮೀಟರಿನ ಹೆಜ್ಜೆ ಇದೆ ಎಂದು ಹೇಳಿಕೊಳ್ಳುವ ಯಂತ್ರದ ಕೋಂಬ್ ಒಂದು ಮಿಲಿಮೀಟರ್ ಓಲಾಡಿದರೆ ಆ ಹೆಜ್ಜೆಗಳಿಗೆ ಅರ್ಥವೇ ಇಲ್ಲ. ಡಯಲ್ ನಮೂನೆಯ ದೊಡ್ಡ ದೌರ್ಬಲ್ಯ ಇದು: ಕೋಂಬ್ ಎರಡು ತೆಳು ಪಟ್ಟಿಗಳ ಮೇಲೆ ಜಾರುತ್ತದೆ, ಹೊರಗೆ ಚಾಚಿದಷ್ಟೂ ಆಧಾರ ಕಡಿಮೆ. 1ರಿಂದ 5ರವರೆಗೆ ಬಿಗಿಯಾಗಿದ್ದು 8ರ ಮೇಲೆ ಸಡಿಲಾಗುವುದು ಈ ನಮೂನೆಯಲ್ಲಿ ಮಾಮೂಲು. ಆದ್ದರಿಂದ 3, 4 ಮಿಲಿಮೀಟರಿನ ಕುರುಚಲು ಗಡ್ಡ ಇಡುವವರಿಗೆ ಡಯಲ್ ಒಳ್ಳೆಯದು. 8ಕ್ಕಿಂತ ಮೇಲೆ ಇಡುವವರಿಗೆ ಬಿಡಿ ಕೋಂಬುಗಳೇ ವಾಸಿ. ಬಿಡಿ ಕೋಂಬಿನ ಅಳತೆ ಅಚ್ಚಿನಲ್ಲೇ ಗಟ್ಟಿಯಾಗಿರುತ್ತದೆ, ಜಾರುವ ಭಾಗವೇ ಇಲ್ಲ. ಅದರ ಕಷ್ಟವೇ ಬೇರೆ: 3 ಆದ ಮೇಲೆ 6 ಮಾತ್ರ ಇರುತ್ತದೆ, ಬೇಕಾದ 4.5 ಸಿಗುವುದಿಲ್ಲ. ಜೊತೆಗೆ ಡ್ರಾಯರಿನಲ್ಲಿ ಯಾವುದೋ ಒಂದು ಕಳೆದುಹೋಗಿಯೇ ಹೋಗುತ್ತದೆ, ಅದೂ ದಿನಾ ಬೇಕಾದದ್ದೇ.

ಡಯಲನ್ನು ಇನ್ನೊಂದು ರೀತಿಯಲ್ಲೂ ಪರೀಕ್ಷಿಸಬೇಕು. 5ರಿಂದ ಇಳಿಸಿ 3ಕ್ಕೆ ತಂದು ಅಂತರ ಅಳೆಯಿರಿ; ಆಮೇಲೆ 1ರಿಂದ ಏರಿಸಿ 3ಕ್ಕೆ ತಂದು ಅಳೆಯಿರಿ. ವರ್ನಿಯರ್ ಕ್ಯಾಲಿಪರ್ ಇದ್ದರೆ ಸರಿ, ಇಲ್ಲವಾದರೆ ಸಪೂರ ಸ್ಕೇಲ್ ಇಟ್ಟು ನೋಡಿದರೂ ಅಂದಾಜು ಸಿಗುತ್ತದೆ. ಎರಡು ಅಳತೆಯಲ್ಲಿ 0.3 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಳಗಿನ ಹಲ್ಲುಗಾಲಿಯಲ್ಲಿ ಸಡಿಲವಿದೆ ಎಂದೇ ಲೆಕ್ಕ. ಅಂಥದ್ದನ್ನು ಇಟ್ಟುಕೊಂಡವರು ಯಾವಾಗಲೂ ದೊಡ್ಡ ನಂಬರಿನಿಂದ ಇಳಿಸಿಯೇ ಬೇಕಾದ ಅಳತೆಗೆ ಬಂದರೆ ಪ್ರತಿ ಸಲವೂ ಒಂದೇ ಉದ್ದ ಬರುತ್ತದೆ. ಕೆಲಸದ ನಡುವೆ ಹೆಬ್ಬೆರಳು ತಾಗಿ ಡಯಲ್ ತಾನೇ ತಿರುಗುವುದೂ ಉಂಟು. ಟಕ್ ಟಕ್ ಎಂದು ಕೂರುವ ಡಯಲಿಗೆ ಈ ಕಾಟವಿಲ್ಲ, ನುಣ್ಣಗೆ ತಿರುಗುವುದಕ್ಕೆ ಲಾಕ್ ಇಲ್ಲದಿದ್ದರೆ ಬೇಡವೇ ಬೇಡ.

ಇಪ್ಪತ್ತು ಅಳತೆ, ನಲವತ್ತು ಅಳತೆ ಎನ್ನುವ ಲೆಕ್ಕ ಬರೀ ಭಾಗಾಕಾರ: 20 ಮಿಲಿಮೀಟರಿನ ಓಟವನ್ನು ಅರ್ಧರ್ಧವಾಗಿ ಕತ್ತರಿಸಿದರೆ ನಲವತ್ತಾಯಿತು. 14.5ಕ್ಕೂ 15ಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. 1.5ಕ್ಕೂ 2ಕ್ಕೂ ಕಾಣುತ್ತದೆ. 1ರಿಂದ 5ರ ನಡುವೆ ಅರ್ಧ ಮಿಲಿಮೀಟರಿನ ಹೆಜ್ಜೆ ಇದೆಯೇ ಎಂದಷ್ಟೇ ನೋಡಿದರೆ ಸಾಕು.

ಈಗ ಬ್ಲೇಡ್. ಕೋಂಬ್ ತೆಗೆದು, ಬ್ಲೇಡಿನ ತಲೆಯನ್ನು ಬೆರಳಿನಿಂದ ಮುಂದಕ್ಕೆ ಮೀಟಿದರೆ ಹೆಚ್ಚಿನ ಮಾದರಿಗಳಲ್ಲಿ ಅದು ಕಳಚಿ ಬರುತ್ತದೆ. ಒಳಗೆ ಎರಡು ಹಲ್ಲಿನ ಪಟ್ಟಿಗಳು ಒಂದರ ಮೇಲೊಂದು: ಚರ್ಮಕ್ಕೆ ತಾಗುವುದು ಕದಲುವುದಿಲ್ಲ, ಅದರ ಮೇಲೆ ಇನ್ನೊಂದು ಎಡಬಲ ಓಡಾಡುತ್ತದೆ. ಒಂದು ಸ್ಪ್ರಿಂಗ್ ಎರಡನ್ನೂ ಒತ್ತಿ ಹಿಡಿದಿರುತ್ತದೆ. ಹಿಡಿಯ ಕಡೆ ನೋಡಿದರೆ ಮೋಟರಿನ ತುದಿಯಲ್ಲಿ ಒಂದು ಸಣ್ಣ ಮೊಳೆ, ನಡುವಿನಿಂದ ತುಸು ಪಕ್ಕಕ್ಕೆ ಜರುಗಿ ಕೂತಿದೆ. ಮೋಟರ್ ತಿರುಗಿದಾಗ ಆ ಮೊಳೆ ಗಾಣದಂತೆ ಸುತ್ತುತ್ತದೆ. ಓಡಾಡುವ ಪಟ್ಟಿಯ ಹಿಂಬದಿಯ ಸೀಳಿನಲ್ಲಿ ಅದು ಕೂತಿರುವುದರಿಂದ ಸುತ್ತು ಹೋಗಿ ಎಡಬಲದ ಓಟವಾಗುತ್ತದೆ. ತೊಳೆದು ಮತ್ತೆ ಜೋಡಿಸುವಾಗ ಮೊಳೆ ಸೀಳಿನಲ್ಲಿ ಕೂರದಿದ್ದರೆ ಮೋಟರ್ ಗುಂಯ್‌ಗುಡುತ್ತದೆ, ಬ್ಲೇಡ್ ಕದಲುವುದಿಲ್ಲ. "ಸದ್ದು ಬರುತ್ತೆ, ಕತ್ತರಿಸಲ್ಲ" ಎಂದು ಹೇಳುವವರು ಮೊದಲು ಇದನ್ನೇ ನೋಡಬೇಕು. ತಲೆ ತೆಗೆದು, ಸೀಳನ್ನು ನಡುವಿಗೆ ತಂದು, ಟಕ್ ಎನ್ನುವವರೆಗೆ ಒತ್ತಿದರೆ ರಿಪೇರಿ ಮುಗಿಯಿತು.

ಲೇಪದ ವಿಷಯದಲ್ಲಿ ಬಹಳ ಹೇಳುವುದಿಲ್ಲ. ಟೈಟಾನಿಯಂ ಎಂದರೆ ಉಕ್ಕಿನ ಮೇಲಿನ ತೆಳು ಪದರ, ಬ್ಲೇಡೇ ಟೈಟಾನಿಯಂ ಅಲ್ಲ. ಸೆರಾಮಿಕ್ ಬ್ಲೇಡ್ ಬಿಸಿಯಾಗುವುದು ಕಡಿಮೆ, ತುಕ್ಕು ಹಿಡಿಯುವುದೇ ಇಲ್ಲ, ಆದರೆ ನೆಲಕ್ಕೆ ಒಮ್ಮೆ ಬಿದ್ದರೆ ಹಲ್ಲು ಹಾರಿಹೋಗುತ್ತದೆ. ಉಕ್ಕಿನದಾದರೆ ಹಲ್ಲು ಸೊಟ್ಟಗಾಗುತ್ತದೆ. ತಾನೇ ಹರಿತವಾಗುವ ಬ್ಲೇಡ್ ಎನ್ನುವ ಮಾತಿನಲ್ಲಿ ಅರ್ಧ ನಿಜವಿದೆ: ಎರಡು ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಂಡು ಅಂಚು ಉಳಿಸಿಕೊಳ್ಳುತ್ತವೆ. ನಡುವೆ ಎಣ್ಣೆಯ ಪದರವಿದ್ದು, ಎರಡೂ ಸಮವಾಗಿ ಕೂತಿದ್ದರೆ ಮಾತ್ರ. ಒಣಗಿ ಓಡಿದರೆ ಅದೇ ಉಜ್ಜಾಟ ಅಂಚನ್ನು ತಿನ್ನುತ್ತದೆ. ಹಲ್ಲಿನ ತುದಿ ಮಾತ್ರ ಗುಂಡಗಿರಬೇಕು. ಯಂತ್ರ ಚಾಲೂ ಮಾಡಿ ಮುಂಗೈಯ ಒಳಮೈ ಮೇಲೆ ಹಗುರವಾಗಿ ಆಡಿಸಿ: ಚುಚ್ಚಿದರೆ, ಗೀರು ಕಂಡರೆ, ಆ ಬ್ಲೇಡ್ ಕುತ್ತಿಗೆಗೆ ಬೇಡ.

ಮೋಟರಿನ ಬಗ್ಗೆ ಒಂದು ಲೆಕ್ಕ ಗೊತ್ತಿದ್ದರೆ ಸಾಕು. ನಿಮಿಷಕ್ಕೆ 6000 ಸುತ್ತು ಎಂದರೆ ಸೆಕೆಂಡಿಗೆ 100 ಸಲ ಬ್ಲೇಡ್ ಹೋಗಿ ಬರುತ್ತದೆ. ಕೈ ಸೆಕೆಂಡಿಗೆ 5 ಸೆಂಟಿಮೀಟರ್ ಸರಿದರೆ ಪ್ರತಿ ಓಟಕ್ಕೆ ಅರ್ಧ ಮಿಲಿಮೀಟರ್ ಮುಂದೆ ಹೋದಂತಾಯಿತು, ಕೂದಲು ನಿರಾಯಾಸವಾಗಿ ಕತ್ತರಿಸುತ್ತದೆ. ಅವಸರದಲ್ಲಿ 20 ಸೆಂಟಿಮೀಟರ್ ಎಳೆದರೆ ಪ್ರತಿ ಓಟಕ್ಕೆ 2 ಮಿಲಿಮೀಟರ್. ಬ್ಲೇಡ್ ಕತ್ತರಿಸುವ ಮೊದಲೇ ಕೂದಲನ್ನು ಎಳೆಯುತ್ತದೆ. ಕಣ್ಣಲ್ಲಿ ನೀರು ಬರುವುದು ಹೀಗೆ. ದವಡೆಯಿಂದ ಕೆನ್ನೆಯ ಮೇಲಿನವರೆಗೆ ಒಂದೂವರೆ ಎರಡು ಸೆಕೆಂಡ್ ತೆಗೆದುಕೊಂಡರೆ ಸರಿಯಾದ ವೇಗ.

ಬ್ಯಾಟರಿ ಇಳಿದಾಗಲೂ ಇದೇ ಎಳೆತ ಶುರುವಾಗುತ್ತದೆ. ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್, ಬರಿದಾಗುವ ಹೊತ್ತಿಗೆ 3.3ರ ಆಸುಪಾಸು. ವೇಗವನ್ನು ಹಿಡಿದಿಡುವ ಸರ್ಕ್ಯೂಟ್ ಇಲ್ಲದ ಯಂತ್ರದಲ್ಲಿ ಮೋಟರ್ ಐದನೇ ಒಂದು ಭಾಗ ನಿಧಾನವಾಗುತ್ತದೆ. ಪರೀಕ್ಷೆ ಕಿವಿಯಿಂದಲೇ ಆಗುತ್ತದೆ: ತುಂಬಿ ಚಾರ್ಜ್ ಆದಾಗಿನ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟು, ಕೊನೆಯ ಹತ್ತು ನಿಮಿಷದ ಸದ್ದಿನ ಜೊತೆ ಹೋಲಿಸಿ. ಶ್ರುತಿ ಇಳಿದಿದ್ದರೆ ವೇಗವೂ ಇಳಿದಿದೆ. ಪರದೆಯ ಮೇಲೆ ಶೇಕಡಾ ತೋರಿಸುವ ಯಂತ್ರಗಳಲ್ಲಿ ಬಹಳಷ್ಟು ವೋಲ್ಟೇಜ್ ನೋಡಿ ಅಂದಾಜು ಹೇಳುವವು. 30 ತೋರಿಸಿದ್ದು ಐದು ನಿಮಿಷದಲ್ಲಿ ನಿಂತುಬಿಟ್ಟರೆ ಆಶ್ಚರ್ಯವಿಲ್ಲ.

ಒಂದು ಸಲ ಗಡ್ಡ ಸರಿಮಾಡಲು ಹತ್ತು ನಿಮಿಷ ಸಾಕು. ಹಾಗಾಗಿ 60 ನಿಮಿಷ ಓಡುವ ಯಂತ್ರಕ್ಕೂ 120 ನಿಮಿಷದ್ದಕ್ಕೂ ದುಡ್ಡಿನ ವ್ಯತ್ಯಾಸ ಕೊಡುವುದು ದಂಡ. ಅದಕ್ಕಿಂತ ಚಾರ್ಜಿಂಗ್ ಕಿಂಡಿ ನೋಡಿ. ಟೈಪ್-ಸಿ ಎಂದು ಬರೆದಿದ್ದರೂ ಕೆಲವು ಯಂತ್ರಗಳು ಎರಡು ತುದಿಯೂ ಟೈಪ್-ಸಿ ಇರುವ ಕೇಬಲಿನಲ್ಲಿ ಚಾರ್ಜ್ ಆಗುವುದಿಲ್ಲ. ಕಾರಣ ಸಣ್ಣದು: ಅಂಥ ಕೇಬಲಿನಲ್ಲಿ ಚಾರ್ಜರ್ ವಿದ್ಯುತ್ ಕೊಡಬೇಕಾದರೆ ಈ ಕಡೆಯ ಕಿಂಡಿಯಲ್ಲಿ 5.1 ಕಿಲೋ ಓಮಿನ ಎರಡು ರೆಸಿಸ್ಟರ್ ಇರಬೇಕು. ತಯಾರಕರು ಅವನ್ನು ಉಳಿತಾಯ ಮಾಡಿರುತ್ತಾರೆ. ಚಪ್ಪಟೆ ಅಗಲ ತುದಿಯ ಹಳೆಯ ಚಾರ್ಜರಿಗೆ ಸಿಕ್ಕಿಸುವ ಕೇಬಲ್ ಹಾಕಿದರೆ ಅದೇ ಯಂತ್ರ ಚಾರ್ಜ್ ಆಗುತ್ತದೆ. ಕೆಟ್ಟಿದೆ ಎಂದು ವಾಪಸ್ ಕಳಿಸುವ ಮೊದಲು ಇದೊಂದು ನೋಡಿ. ಬಳಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ಇಡಬೇಕು. ತಿಂಗಳಿಗೆ ಒಂದೆರಡು ಸಲ ಚಾರ್ಜ್ ಆಗುವ ಬ್ಯಾಟರಿ ಬಳಸಿ ಸವೆಯುವುದಲ್ಲ, ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದು ಸಾಯುವುದು.

ನೀರಿನ ವಿಷಯದಲ್ಲಿ ಗುರುತುಗಳನ್ನು ಸರಿಯಾಗಿ ಓದಬೇಕು. ಐಪಿಎಕ್ಸ್‌7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇಟ್ಟರೂ ಕೆಡದಂತೆ ಮಾಡಿದ್ದು. ಐಪಿಎಕ್ಸ್‌4 ಎಂದರೆ ಎರಚಲು ಮಾತ್ರ ತಡೆಯುವಂಥದ್ದು. 7 ಇದ್ದರೂ ಆ ಪರೀಕ್ಷೆ ನಿಂತ ಶುದ್ಧ ನೀರಿನದು, ಬಿಸಿನೀರು, ಸೋಪು, ಹಬೆಯ ಮಾತು ಅಲ್ಲಿಲ್ಲ. ಬ್ಲೇಡ್ ಮಾತ್ರ ತೊಳೆಯಬಹುದು ಎಂದಿದ್ದರೆ ತಲೆ ಕಳಚಿ ತೊಳೆಯಬೇಕೇ ಹೊರತು ಹಿಡಿಯ ಸಮೇತ ನಲ್ಲಿಗೆ ಒಡ್ಡಬಾರದು. ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಸಡಿಲಾದ ದಿನ ಯಂತ್ರವನ್ನು ಒದ್ದೆ ಮಾಡುವುದನ್ನೇ ನಿಲ್ಲಿಸಿ.

ಬಳಸುವ ಕ್ರಮ. ಗಡ್ಡ ಒಣಗಿರಬೇಕು, ಒದ್ದೆ ಕೂದಲು ಅಂಟಿಕೊಂಡು ಮಲಗುತ್ತದೆ, ಒಣಗಿದ ಮೇಲೆ ಎದ್ದು ನಿಂತು ಅಸಮ ಕಾಣುತ್ತದೆ. ಸಾಮಾನ್ಯ ಬಾಚಣಿಗೆಯಿಂದ ಬೆಳೆದ ದಿಕ್ಕಿಗೆ ಒಮ್ಮೆ ಬಾಚಿ. ಬೇಕೆನಿಸಿದ ಅಳತೆಗಿಂತ 2 ಮಿಲಿಮೀಟರ್ ಹೆಚ್ಚಿಟ್ಟು ಇಡೀ ಗಡ್ಡ ಒಂದು ಸುತ್ತು ಮುಗಿಸಿ, ಆಮೇಲೆ ಅರ್ಧರ್ಧ ಇಳಿಸುತ್ತಾ ಬನ್ನಿ. ಕೆನ್ನೆಯಲ್ಲಿ ಕೆಳಗಿನಿಂದ ಮೇಲಕ್ಕೆ, ಗದ್ದದಲ್ಲಿ ಕೆಳಗಿನಿಂದ ತುಟಿಯ ಕಡೆಗೆ. ಗದ್ದದ ಕೆಳಗೆ, ಕುತ್ತಿಗೆಯಲ್ಲಿ ಕೂದಲು ಸುಳಿಯಾಗಿ ಬೆಳೆದಿರುತ್ತದೆ. ಒಂದು ದಿಕ್ಕು ಸಾಲದು, ಅಡ್ಡಕ್ಕೂ ಒಮ್ಮೆ ಹೋಗಬೇಕು, ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು. ಪ್ರತಿ ನಾಲ್ಕೈದು ಎಳೆತಕ್ಕೆ ಕೋಂಬ್ ತೆಗೆದು ಊದಿ. ತುಂಬಿದ ಕೋಂಬ್ ಹೊಸ ಕೂದಲನ್ನು ಒಳಗೇ ಬಿಡುವುದಿಲ್ಲ, ಸುಮ್ಮನೆ ಮೇಲೆ ಜಾರುತ್ತದೆ. "ಮೊದಲೆರಡು ನಿಮಿಷ ಚೆನ್ನಾಗಿ ಕತ್ತರಿಸುತ್ತೆ, ಆಮೇಲೆ ಇಲ್ಲ" ಎನ್ನುವ ದೂರಿಗೆ ಬಹುಪಾಲು ಕಾರಣ ಇದೇ.

ಕುತ್ತಿಗೆಯ ಗೆರೆಯಲ್ಲಿ ಎಲ್ಲರೂ ಎಡವುತ್ತಾರೆ. ಗೆರೆಯನ್ನು ದವಡೆಯ ಮೂಳೆಗೆ ಸರಿಯಾಗಿ ಎಳೆದರೆ ಬಾಯಿ ತೆರೆದಾಗ, ತಲೆ ಎತ್ತಿದಾಗ ಗದ್ದದ ಕೆಳಗೆ ಬೋಳು ಕಾಣುತ್ತದೆ, ಮುಖ ಊದಿದಂತೆಯೂ ಇರುತ್ತದೆ. ಗಂಟಲಿನ ಉಬ್ಬಿನಿಂದ ಎರಡು ಬೆರಳು ಮೇಲೆ ಒಂದು ಗುರುತು ಹಿಡಿದು, ಅಲ್ಲಿಂದ ಎರಡೂ ಕಿವಿಯ ಹಿಂಬದಿಗೆ ಬಿಲ್ಲಿನಂತೆ ಗೆರೆ ಹೋಗಬೇಕು. ಕೋಂಬ್ ತೆಗೆದು, ಯಂತ್ರವನ್ನು ತಿರುವಿ ಹಿಡಿದು, ನಡುವಿನ ಗುರುತಿನಿಂದ ಒಂದೊಂದು ಕಡೆಗೆ ಒತ್ತುತ್ತಾ ಹೋಗಿ, ಎಳೆಯಬೇಡಿ. ಗೆರೆಯ ಕೆಳಗಿನದ್ದೆಲ್ಲ ತೆಗೆದ ಮೇಲೆ ಅದರ ಮೇಲಿನ ಒಂದು ಸೆಂಟಿಮೀಟರ್ ಪಟ್ಟಿಯನ್ನು ಗಡ್ಡದ ಅಳತೆಯ ಅರ್ಧಕ್ಕೆ ಇಳಿಸಿದರೆ ಗೋಡೆ ಕಟ್ಟಿದಂತೆ ಕಾಣುವುದಿಲ್ಲ. ಕೆನ್ನೆಯ ಬದಿಗಳನ್ನು ಗದ್ದಕ್ಕಿಂತ ಒಂದು ಮಿಲಿಮೀಟರ್ ಕಡಿಮೆ ಇಡುವುದು ದುಂಡು ಮುಖಕ್ಕೆ ಒಪ್ಪುತ್ತದೆ. ಮೀಸೆಗೆ ಬಾಯಿ ಮುಚ್ಚಿ, ತುಟಿಯನ್ನು ಕೆಳಕ್ಕೆ ಬಿಗಿದು, ಕೋಂಬ್ ಇಲ್ಲದೆ ತುಟಿಯ ಅಂಚಿನಲ್ಲಿ ನಡುವಿನಿಂದ ಬದಿಗೆ.

ಆರೈಕೆ ಎರಡು ನಿಮಿಷದ ಕೆಲಸ, ಆದರೂ ಯಾರೂ ಮಾಡುವುದಿಲ್ಲ. ಪ್ರತಿ ಸಲ ಬ್ರಷ್‌ನಿಂದ ಕೂದಲು ತೆಗೆಯಿರಿ, ಮುಖ್ಯವಾಗಿ ಆ ಮೊಳೆಯ ಸುತ್ತ. ಅಲ್ಲಿ ಕೂದಲ ಪುಡಿಯೂ ಚರ್ಮದ ಜಿಡ್ಡೂ ಸೇರಿ ಹಿಟ್ಟಿನಂತೆ ಗಟ್ಟಿಯಾಗಿ ಮೋಟರಿಗೆ ಭಾರ ಕೊಡುತ್ತದೆ. ತೊಳೆದಿದ್ದರೆ ಪೂರ್ತಿ ಒಣಗಲಿ. ಮೂರ್ನಾಲ್ಕು ಬಳಕೆಗೊಮ್ಮೆ ಬ್ಲೇಡಿನ ಎರಡು ತುದಿಗೂ ನಡುವಿಗೂ ಒಂದೊಂದು ಸಣ್ಣ ಹನಿ ಎಣ್ಣೆ ಹಾಕಿ, ಹತ್ತು ಸೆಕೆಂಡ್ ಓಡಿಸಿ, ಮಿಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸಿ. ಎಣ್ಣೆ ತಿಳಿಯಾದ ಖನಿಜ ತೈಲವಾಗಿರಬೇಕು, ಹೊಲಿಗೆ ಯಂತ್ರಕ್ಕೆ ಹಾಕುವಂಥದ್ದು. ತಲೆಗೆ ಹಚ್ಚುವ ಎಣ್ಣೆ, ಅಡುಗೆ ಎಣ್ಣೆ ಬೇಡ. ಅವು ದಿನ ಕಳೆದಂತೆ ಅಂಟಾಗುತ್ತವೆ. ತೆಂಗಿನೆಣ್ಣೆಯಂತೂ 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟಿ ಬ್ಲೇಡನ್ನೇ ಹಿಡಿದು ನಿಲ್ಲಿಸುತ್ತದೆ. ಒಂದೇ ಯಂತ್ರವನ್ನು ಮನೆಯಲ್ಲಿ ಇಬ್ಬರು ಬಳಸುವುದಾದರೆ ನಡುವೆ 70 ಶೇಕಡಾದ ಆಲ್ಕೋಹಾಲಿನಿಂದ ಬ್ಲೇಡ್ ಒರೆಸಿ, ಒಣಗಿಸಿ, ಆಮೇಲೆ ಎಣ್ಣೆ. ಆಲ್ಕೋಹಾಲ್ ಮೊದಲಿನ ಎಣ್ಣೆಯನ್ನೆಲ್ಲ ತೊಳೆದುಬಿಡುತ್ತದೆ.

ಬ್ಲೇಡ್ ಬಿಸಿಯಾಗುತ್ತಿದ್ದರೆ ಎಣ್ಣೆ ಕಡಿಮೆಯಾಗಿದೆ ಎಂದು ಅರ್ಥ. ಎಣ್ಣೆ ಹಾಕಿದ ಮೇಲೂ, ತುಂಬಿದ ಚಾರ್ಜಿನಲ್ಲೂ ಕೂದಲು ಎಳೆದರೆ ಅಂಚು ಸತ್ತಿದೆ. ಕೂದಲು ಮಡಚಿ ಎರಡು ಪಟ್ಟಿಗಳ ನಡುವೆ ನುಸುಳುತ್ತಿದ್ದರೆ ಸ್ಪ್ರಿಂಗ್ ಸಡಿಲಾಗಿದೆ, ಇಲ್ಲವೇ ಸೊಟ್ಟಗೆ ಕೂತಿದೆ. ಇನ್ನೂ ಹತ್ತಿರ ಕತ್ತರಿಸಲಿ ಎಂದು ಸ್ಕ್ರೂ ಸಡಿಲಿಸಿ ಓಡಾಡುವ ಪಟ್ಟಿಯನ್ನು ಮುಂದಕ್ಕೆ ತಳ್ಳುವವರಿದ್ದಾರೆ. ಅದು ಕೆಳಗಿನ ಹಲ್ಲಿನ ತುದಿಗಿಂತ ಕೂದಲೆಳೆಯಷ್ಟು ಮುಂದೆ ಬಂದರೂ ಚರ್ಮವನ್ನೇ ಕತ್ತರಿಸುತ್ತದೆ.

ಕೋಂಬ್ ಇಲ್ಲದೆಯೂ ಟ್ರಿಮ್ಮರ್ ಅರ್ಧ ಮಿಲಿಮೀಟರಿನ ಆಸುಪಾಸು ಉಳಿಸುತ್ತದೆ. ನುಣುಪು ಕೆನ್ನೆ ಬೇಕಾದವರಿಗೆ ಇದು ಸರಿಯಾದ ಉಪಕರಣವಲ್ಲ. ಆದರೆ ಗುಂಗುರು ಗಡ್ಡದವರಿಗೆ, ರೇಜರಿನಿಂದ ಕೂದಲು ಚರ್ಮದೊಳಗೇ ಬೆಳೆದು ಗುಳ್ಳೆ ಏಳುವವರಿಗೆ, ಆ ಅರ್ಧ ಮಿಲಿಮೀಟರೇ ವರ. ನಡುದಾರಿ ಬೇಕಾದವರಿಗೆ ಫಿಲಿಪ್ಸ್ ಒನ್‌ಬ್ಲೇಡಿನಂಥ ತೆಳು ಬ್ಲೇಡಿನ ನಮೂನೆ ಇದೆ. ರೇಜರಿನಷ್ಟಲ್ಲದಿದ್ದರೂ ಬಹಳ ಹತ್ತಿರ ಕತ್ತರಿಸುತ್ತದೆ, ಆದರೆ ಅದರ ಬ್ಲೇಡನ್ನು ಕೆಲವು ತಿಂಗಳಿಗೊಮ್ಮೆ ಬದಲಿಸುತ್ತಲೇ ಇರಬೇಕು, ಆ ಖರ್ಚನ್ನು ಮೊದಲೇ ಲೆಕ್ಕ ಹಾಕಿ. ದಟ್ಟ, ಉದ್ದ ಗಡ್ಡಕ್ಕೆ ಹಲ್ಲುಗಳ ನಡುವೆ ಅಗಲ ಸಂದಿರುವ ಬಿಡಿ ಕೋಂಬುಗಳ ಸೆಟ್ಟೇ ಬೇಕು. ಮಿಕ್ಕವರಿಗೆ, ಅಂದರೆ ವಾರಕ್ಕೊಮ್ಮೆ 2ರಿಂದ 6ರ ನಡುವೆ ಗಡ್ಡ ಸರಿಮಾಡಿಕೊಳ್ಳುವವರಿಗೆ, ಡಯಲ್ ಟ್ರಿಮ್ಮರ್ ಒಳ್ಳೆಯ ಆಯ್ಕೆ, ಕೋಂಬ್ ಗಟ್ಟಿಯಿದ್ದರೆ.

ಕೊಳ್ಳುವ ಮೊದಲು ಆ ಮಾದರಿಯ ಕೋಂಬೂ ಬ್ಲೇಡೂ ಬಿಡಿಯಾಗಿ ಮಾರಾಟಕ್ಕಿವೆಯೇ ಎಂದು ಹುಡುಕಿ. ಸಿಗದಿದ್ದರೆ, ಕೋಂಬಿನ ಕೊಂಡಿ ಮುರಿದ ದಿನ ಮೋಟರ್, ಬ್ಯಾಟರಿ ಎಲ್ಲ ಸುಸ್ಥಿತಿಯಲ್ಲಿದ್ದೂ ಇಡೀ ಯಂತ್ರ ಎಸೆಯಬೇಕಾಗುತ್ತದೆ.